ತಿರುಗುತ್ತಲೇ ಉಳಿದ ಸೇತುವೆ

ಸಿಡ್ನಿಗೆ ಹೋಗಿಬಂದವರ ಮೊಬೈಲಿನಲ್ಲಿ ಹಾರ್ಬರ್ ಬ್ರಿಜ್‌ನ ಫೋಟೊ ಇಲ್ಲದಿರುವುದು ಅಪರೂಪ. ಆ ದೊಡ್ಡ ಉಕ್ಕಿನ ಕಮಾನಿನ ಮುಂದೆ ನಿಂತು ಕ್ಲಿಕ್ಕಿಸಿಕೊಂಡ ಮಂದಿಯೇ ಸಂಜೆಯ ಹೊತ್ತಿಗೆ ಡಾರ್ಲಿಂಗ್ ಹಾರ್ಬರ್ ಕಡೆ ಬಂದು, ಹೋಟೆಲು, ಅಕ್ವೇರಿಯಂ ಎಂದು ಸುತ್ತಾಡುತ್ತ ಇನ್ನೊಂದು ಸೇತುವೆಯನ್ನೂ ದಾಟಿರುತ್ತಾರೆ. ಅಗಲವಾದ, ಸಮತಟ್ಟಾದ, ವಾಹನಗಳಿಲ್ಲದ ದಾರಿ ಅದು. ಕಾಲಡಿಯಲ್ಲಿ ನೀರಿದೆ ಎನ್ನುವುದೂ ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಹೀಗಿರುವಾಗ ದಾರಿಯ ನಡುವೆ ಗೇಟು ಮುಚ್ಚಿಕೊಳ್ಳುತ್ತದೆ. ಮಕ್ಕಳ ಗಾಡಿ ತಳ್ಳುತ್ತಿದ್ದವರು, ಆಫೀಸು ಮುಗಿಸಿ ಧಾವಿಸುತ್ತಿದ್ದವರು ಎಲ್ಲ ನಿಲ್ಲುತ್ತಾರೆ. ಎದುರಿನ ನೆಲ ಮೆಲ್ಲಗೆ ಪಕ್ಕಕ್ಕೆ ತಿರುಗತೊಡಗುತ್ತದೆ. ಈವರೆಗೆ ತಾವು ನಡೆಯುತ್ತಿದ್ದುದು ಒಂದು ಯಂತ್ರದ ಮೇಲೆ ಎಂದು ಗೊತ್ತಾಗುವುದು ಆಗಲೇ.

ಇದರ ಹೆಸರು ಪಿರ್ಮಾಂಟ್ ಬ್ರಿಜ್. ಸಂಚಾರಕ್ಕೆ ತೆರೆದದ್ದು 1902ರ ಜೂನ್ 28ರಂದು. ಹಾರ್ಬರ್ ಬ್ರಿಜ್‌ಗಿಂತ ಮೂವತ್ತು ವರ್ಷ ಹಿರಿಯದು. ಉದ್ದ 369 ಮೀಟರ್. ಒಟ್ಟು ಹದಿನಾಲ್ಕು ಅಂಕಣಗಳಲ್ಲಿ ಹನ್ನೆರಡು ಮರದವು, ನಡುವಿನ ಎರಡು ಉಕ್ಕಿನವು. ಆ ನಡುವಿನ ಎರಡು ಸೇರಿ ಒಂದೇ ತುಂಡು, ತಿರುಗುವುದು ಅದು. ವಿದ್ಯುತ್ತಿನಿಂದ ತಿರುಗುವ ಸೇತುವೆಗಳಲ್ಲಿ ಜಗತ್ತಿನ ಮೊದಮೊದಲಿನವುಗಳ ಪೈಕಿ ಇದೂ ಒಂದು. ಇಂದಿಗೂ ಇದನ್ನು ತಿರುಗಿಸುವುದು 1902ರ ಮೋಟಾರೇ.

ಹಡಗಿಗೆ ದಾರಿ ಬಿಡುವ ಸೇತುವೆ ನಮಗೆ ಹೊಸದಲ್ಲ. ರಾಮೇಶ್ವರಕ್ಕೆ ರೈಲಿನಲ್ಲಿ ಹೋದವರೆಲ್ಲ ಪಾಂಬನ್ ಸೇತುವೆಯನ್ನು ಬಲ್ಲರು. 1914ರ ಹಳೆಯ ಪಾಂಬನ್ ಸೇತುವೆಯ ನಡುಭಾಗ ಎರಡು ರೆಕ್ಕೆಗಳಾಗಿ ಬಿಚ್ಚಿಕೊಂಡು ಮೇಲಕ್ಕೆ ಏಳುತ್ತಿತ್ತು. 2025ರಲ್ಲಿ ಬಂದ ಹೊಸ ಸೇತುವೆಯ ನಡುಭಾಗ ಲಿಫ್ಟಿನ ಹಾಗೆ ನೇರವಾಗಿ ಮೇಲೇರುತ್ತದೆ. ಮೂರನೆಯ ಬಗೆಯೇ ಸ್ವಿಂಗ್ ಬ್ರಿಜ್: ಅದು ಏಳುವುದಿಲ್ಲ, ನೀರಿನ ನಡುವಿನ ಒಂದು ಕಂಬದ ಮೇಲೆ ಅಡ್ಡಡ್ಡ ತಿರುಗಿ, ಹೊಳೆಯ ಉದ್ದಕ್ಕೆ ಮುಖಮಾಡಿ ನಿಲ್ಲುತ್ತದೆ. ಅದರ ಎರಡೂ ಪಕ್ಕದಲ್ಲಿ ಹಡಗು ದಾಟಬಹುದು. ಎತ್ತರದ ಗೋಪುರ ಬೇಡ, ದೊಡ್ಡ ಎದುರುತೂಕ ಬೇಡ. ಮೇಲೆ ಆಕಾಶ ಪೂರ್ತಿ ಖಾಲಿ, ಹಾಯಿಕಂಬ ಎಷ್ಟೇ ಎತ್ತರವಿದ್ದರೂ ಚಿಂತೆಯಿಲ್ಲ. ಕೊರತೆಯೆಂದರೆ, ತಿರುಗುವ ಕಂಬ ನಡುನೀರಿನಲ್ಲೇ ಜಾಗ ಹಿಡಿಯುತ್ತದೆ; ತಿರುಗಲು ಸುತ್ತಲೂ ತೆರಪು ಬೇಕು. ಹಡಗುಗಳು ಚಿಕ್ಕವಿದ್ದ ಕಾಲಕ್ಕೆ ಅದು ದೊಡ್ಡ ತೊಡಕಾಗಿರಲಿಲ್ಲ.

ಸಿಡ್ನಿಗೆ ಇಂಥದ್ದೊಂದು ಯಾಕೆ ಬೇಕಾಯಿತು ಎನ್ನುವುದಕ್ಕೆ ನಕ್ಷೆ ನೋಡಬೇಕು. ನಗರದ ಪಶ್ಚಿಮ ಅಂಚಿಗೆ ಕೊಲ್ಲಿಯ ನೀರು ಬೆರಳಿನಂತೆ ಒಳಚಾಚಿಕೊಂಡಿದೆ. ಆಚೆ ದಡ ಪಿರ್ಮಾಂಟ್. ಸಿಡ್ನಿಯ ಹಳೆಯ ಕಟ್ಟಡಗಳಿಗೆ ಜೇನುಬಣ್ಣ ಕೊಟ್ಟ ಮರಳುಗಲ್ಲು ಬಂದದ್ದು ಅಲ್ಲಿನ ಗಣಿಗಳಿಂದ. ಆ ಗಣಿಗಳಿಗೆ ಕೆಲಸಗಾರರು ಇಟ್ಟ ಹೆಸರುಗಳು ಪ್ಯಾರಡೈಸ್, ಪರ್ಗೆಟರಿ, ಹೆಲ್‌ಹೋಲ್. ಬಂಡೆ ಎಷ್ಟೆಷ್ಟು ಗಟ್ಟಿಯೋ ಅಷ್ಟಷ್ಟು ನರಕಕ್ಕೆ ಹತ್ತಿರ. ಕಲ್ಲಿನ ಜೊತೆಗೆ ಸಕ್ಕರೆ ಶುದ್ಧೀಕರಣದ ಕಾರ್ಖಾನೆ ಬಂತು, ಉಣ್ಣೆಯ ಉಗ್ರಾಣಗಳು ಎದ್ದವು. ಕೊಲ್ಲಿಯ ತಲೆಭಾಗದಲ್ಲಿ ರೈಲ್ವೆ ಸರಕು ಅಂಗಳ. ಹಾಗಾಗಿ ಹಡಗುಗಳು ಉತ್ತರದಿಂದ ದಕ್ಷಿಣಕ್ಕೆ ಒಳಬರಬೇಕು, ಗಾಡಿಗಳು ಪೂರ್ವದಿಂದ ಪಶ್ಚಿಮಕ್ಕೆ ದಾಟಬೇಕು. ಎರಡಕ್ಕೂ ದಾರಿ ಬೇಕು, ಎರಡೂ ಒಂದೇ ಜಾಗದಲ್ಲಿ ಎದುರಾಗುತ್ತವೆ.

ಇಲ್ಲಿ ಮೊದಲ ಸೇತುವೆ ಕಟ್ಟಿದ್ದು ಸರ್ಕಾರವಲ್ಲ, ಒಂದು ಖಾಸಗಿ ಕಂಪನಿ. 1858ರಲ್ಲಿ ತೆರೆದ ಆ ಮರದ ಸೇತುವೆಗೂ ತಿರುಗುವ ಭಾಗವಿತ್ತು. ದಾಟಿದವರಿಂದ ಸುಂಕ ವಸೂಲಿ ನಡೆಯುತ್ತಿತ್ತು. ಟೋಲ್ ಗೇಟಿನ ಮೇಲಿನ ಸಿಟ್ಟು ಇವತ್ತಿನದಲ್ಲ ನೋಡಿ. 1884ರಲ್ಲಿ ಸರ್ಕಾರ ಸೇತುವೆಯನ್ನು ಕೊಂಡು ಸುಂಕ ತೆಗೆದುಹಾಕಿತು. ಸುಂಕ ಹೋದ ಮೇಲೆ ಸಂಚಾರ ಹೆಚ್ಚಿತು, ಹಳೆಯ ಮರ ಸೋತಿತು. 1899ರಲ್ಲಿ ಹೊಸದರ ಕೆಲಸ ಶುರುವಾಯಿತು.

ವಿನ್ಯಾಸದ ಹೊಣೆ ಬಿದ್ದದ್ದು ನ್ಯೂ ಸೌತ್ ವೇಲ್ಸ್‌ನ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಪರ್ಸಿ ಆಲನ್ ಮೇಲೆ. ಸಿಡ್ನಿಯಲ್ಲೇ 1861ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಇಲಾಖೆ ಸೇರಿ, ತಮ್ಮ ವೃತ್ತಿಜೀವನದಲ್ಲಿ 500ಕ್ಕೂ ಹೆಚ್ಚು ಸೇತುವೆಗಳಿಗೆ ರೂಪ ಕೊಟ್ಟವರು. ಹಾರ್ಬರ್ ಬ್ರಿಜ್‌ನ ಎಂಜಿನಿಯರ್ ಬ್ರಾಡ್‌ಫೀಲ್ಡ್‌ಗೆ ಸಿಕ್ಕ ಖ್ಯಾತಿ ಇವರಿಗೆ ಸಿಗಲಿಲ್ಲ. ಊರೂರಿನ ಹಳ್ಳಕ್ಕೆ ಅಗ್ಗದ ಸೇತುವೆ ಕಟ್ಟಿದವರನ್ನು ಯಾವ ನಾಡು ತಾನೇ ನೆನಪಿಟ್ಟುಕೊಂಡಿದೆ?

ಆಲನ್ ಅವರ ದೊಡ್ಡ ಕೊಡುಗೆ ಮರದ ಟ್ರಸ್. ತ್ರಿಕೋನಗಳನ್ನು ಸಾಲಾಗಿ ಜೋಡಿಸಿದ ಚೌಕಟ್ಟಿಗೆ ಎಂಜಿನಿಯರುಗಳು ಟ್ರಸ್ ಎನ್ನುತ್ತಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಐರನ್‌ಬಾರ್ಕ್‌ನಂಥ ಗಟ್ಟಿಮರ ಧಾರಾಳವಾಗಿತ್ತು. ಉಕ್ಕು ಬರಬೇಕಾದದ್ದು ಹಡಗಿನಲ್ಲಿ ಇಂಗ್ಲೆಂಡಿನಿಂದ. 1890ರ ದಶಕದಲ್ಲಿ ವಸಾಹತಿನ ಬ್ಯಾಂಕುಗಳು ಬಾಗಿಲು ಹಾಕಿ ಖಜಾನೆ ಬರಿದಾಗಿತ್ತು. ಮರವೇ ಗತಿ. ಆದರೆ ಮರ ಕೊಳೆಯುತ್ತದೆ. ಹಿಂದಿನ ಮಾದರಿಗಳಲ್ಲಿ ಒಂದು ತೊಲೆ ಕೊಳೆತರೆ ಸೇತುವೆಯನ್ನೇ ಮುಚ್ಚಿ, ಕೆಳಗಿನಿಂದ ಊರೆ ಕೊಟ್ಟು ಬಿಚ್ಚಬೇಕಾಗುತ್ತಿತ್ತು.

ಆಲನ್ ಹುಡುಕಿದ ಉಪಾಯ ಕೇಳಲು ಸರಳ. ಒಂದು ದಪ್ಪ ತೊಲೆಯ ಬದಲು ಎರಡು ತೆಳು ತೊಲೆಗಳನ್ನು ಜೋಡಿಯಾಗಿ, ನಡುವೆ ಸಂದು ಬಿಟ್ಟು ಇಟ್ಟರು. ಸಂದಿನಲ್ಲಿ ಗಾಳಿಯಾಡುತ್ತದೆ, ಮಳೆನೀರು ನಿಲ್ಲುವುದಿಲ್ಲ, ಬಣ್ಣದ ಕುಂಚ ಒಳಗಿನವರೆಗೂ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಜೋಡಿಯಲ್ಲಿ ಒಂದು ಕೆಟ್ಟರೆ ಅದನ್ನಷ್ಟೇ ತೆಗೆದು ಹೊಸದು ಹಾಕಬಹುದು. ಅಲ್ಲಿಯವರೆಗೆ ಇನ್ನೊಂದು ಭಾರ ಹೊತ್ತಿರುತ್ತದೆ. ಓರೆಯಾಗಿ ನಿಂತು ಒತ್ತಡ ತಾಳುವ ಅಂಗಗಳು ಮರದವು, ನೆಟ್ಟಗೆ ನಿಂತು ಎಳೆತ ತಾಳುವ ಅಂಗಗಳು ಲೋಹದ ಸರಳುಗಳು. ಮರ ಒಣಗಿ ಕುಗ್ಗಿದರೆ ಸರಳಿನ ತುದಿಯ ನಟ್ಟನ್ನು ಬಿಗಿ ಮಾಡಿದರಾಯಿತು. ಅಂದರೆ ಕಟ್ಟುವ ಮೊದಲೇ, ಮುಂದೆ ಯಾರೋ ಬಂದು ಇದನ್ನು ರಿಪೇರಿ ಮಾಡುತ್ತಾರೆ ಎಂದು ಎಣಿಸಿಯೇ ಗೆರೆ ಎಳೆದಿದ್ದರು. ಪಿರ್ಮಾಂಟ್ ಸೇತುವೆಯ ಹನ್ನೆರಡು ಪಕ್ಕದ ಅಂಕಣಗಳು ಇದೇ ಆಲನ್ ಟ್ರಸ್‌ನವು. ಈ ಸೇತುವೆ ಉಳಿದದ್ದಕ್ಕೆ ಹೋರಾಟ, ಕಾಯ್ದೆ, ಪ್ರವಾಸೋದ್ಯಮ ಎಂದು ಹಲವು ಕಾರಣ ಹೇಳುತ್ತಾರೆ. ನನ್ನ ಪ್ರಕಾರ ಮೊದಲ ಕಾರಣ ಆ ಒಂದು ಸಂದು.

ನಡುವಿನ ಭಾಗಕ್ಕೆ ಮಾತ್ರ ಮರ ಸಾಲದಾಯಿತು. ತಿರುಗುವ ಅಂಕಣದ ಬಾಳು ಎರಡು ಬಗೆಯದು. ಮುಚ್ಚಿದ್ದಾಗ ಅದರ ಎರಡು ತುದಿಗೂ ಆಸರೆ ಇರುತ್ತದೆ, ನಡುವೆ ಕಂಬವಿರುತ್ತದೆ. ಮೂರು ಕಡೆ ಊರಿದ ತೊಲೆಯಂತೆ ಭಾರ ಹೊರುತ್ತದೆ. ತಿರುಗಿಸಲು ಬಿಡಿಸಿದ ಕ್ಷಣ ತುದಿಗಳ ಆಸರೆ ತಪ್ಪಿ, ಎರಡೂ ತೋಳುಗಳು ನಡುಗಂಬದಿಂದ ಗಾಳಿಗೆ ಚಾಚಿಕೊಂಡು ನಿಲ್ಲುತ್ತವೆ. ಆಗ ಎಳೆತವಿದ್ದ ಕಡೆ ಒತ್ತಡ, ಒತ್ತಡವಿದ್ದ ಕಡೆ ಎಳೆತ. ದಿನಕ್ಕೆ ಹಲವು ಸಲ ಹೀಗೆ ಸ್ವಭಾವ ಬದಲಿಸಿಕೊಳ್ಳುವ ಅಂಗಗಳಿಗೆ ಉಕ್ಕೇ ಬೇಕು. ತುದಿಗಳು ತುಸು ಬಾಗುವುದೂ ಸಹಜ. ಅದಕ್ಕೇ ಮುಚ್ಚಿದ ಮೇಲೆ ತುದಿಗಳನ್ನು ಜಾಕ್‌ಗಳಿಂದ ಮೇಲೆತ್ತಿ ಬಿಗಿಯಾಗಿ ಕೂರಿಸಬೇಕು. ಇಲ್ಲದಿದ್ದರೆ ಗಾಡಿ ಹತ್ತಿದಾಗ ಆ ಕಡೆ ಕುಸಿದು ಈ ಕಡೆ ನೆಗೆಯುತ್ತದೆ.

ಈ ಎಲ್ಲದಕ್ಕೂ ಬುನಾದಿ ನೀರಿನಡಿಯಿಂದ ಎದ್ದ ಒಂದು ದುಂಡನೆಯ ಕಂಬ. ಕಾಂಕ್ರೀಟು ಮತ್ತು ಮರಳುಗಲ್ಲಿನದು. ವ್ಯಾಸ ಸುಮಾರು 13 ಮೀಟರ್, ಎತ್ತರ 19 ಮೀಟರ್, ತೂಕ 6,800 ಟನ್. ಅದರ ತಲೆಯ ಮೇಲೆ ವೃತ್ತಾಕಾರದ ಹಳಿ, ಹಳಿಯ ಮೇಲೆ ಉರುಳೆಗಳು, ಉರುಳೆಗಳ ಮೇಲೆ 800 ಟನ್ನಿನ ಉಕ್ಕಿನ ಅಂಕಣ.

ಇದನ್ನು ತಿರುಗಿಸುವುದು ಹೇಗೆ? ಆ ಕಾಲದ ಸಿದ್ಧ ಉತ್ತರ ಉಗಿ ಇಲ್ಲವೇ ನೀರಿನ ಒತ್ತಡ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1876ರಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಕಟ್ಟಿದ ಪ್ರಸಿದ್ಧ ಸ್ವಿಂಗ್ ಬ್ರಿಜ್ ತಿರುಗುತ್ತಿದ್ದುದು ಹೈಡ್ರಾಲಿಕ್ ಬಲದಿಂದ. ಅದಕ್ಕೆ ಪಂಪು, ಒತ್ತಡದ ನೀರನ್ನು ಕೂಡಿಡುವ ಏರ್ಪಾಟು ಎಲ್ಲ ಬೇಕು. ಆದರೆ ಪಿರ್ಮಾಂಟ್‌ನಿಂದ ಕೂಗಳತೆಯಲ್ಲಿ, ಅಲ್ಟಿಮೋದಲ್ಲಿ, 1899ರಲ್ಲಿ ಒಂದು ವಿದ್ಯುತ್ ಸ್ಥಾವರ ಶುರುವಾಗಿತ್ತು, ನಗರದ ಟ್ರಾಮುಗಳಿಗಾಗಿ. ಟ್ರಾಮು ಓಡಿಸುವ ಕರೆಂಟಿನಿಂದ ಸೇತುವೆಯನ್ನು ತಿರುಗಿಸಬಾರದೇಕೆ? ಟ್ರಾಮಿನ ತಂತ್ರವನ್ನೇ ಇಡಿಯಾಗಿ ತಂದು ಸೇತುವೆಗೆ ಕೂರಿಸಿದರು. 600 ವೋಲ್ಟಿನ ನೇರ ವಿದ್ಯುತ್, ಅಂದಿನ ಸಿಡ್ನಿಯ ಕೆಲವು ಟ್ರಾಮುಗಳಲ್ಲಿದ್ದಂಥವೇ ಆದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಮೋಟಾರುಗಳು, ಟ್ರಾಮ್ ಚಾಲಕ ಹಿಡಿಯುವಂಥದ್ದೇ ಹಿಡಿಕೆಯ ಕಂಟ್ರೋಲರ್. ಮೋಟಾರುಗಳು ತಲಾ 50 ಅಶ್ವಶಕ್ತಿಯವು. ಒಂದು ಮೋಟಾರು ತುದಿಗಳ ಜಾಕ್‌ಗಳಿಗೆ, ಇನ್ನೊಂದು ತಿರುಗಿಸುವುದಕ್ಕೆ. ನಮ್ಮ ಪೇಟೆ ಬೀದಿಯ ಸಣ್ಣ ಕಾರಿನಷ್ಟೇ ಶಕ್ತಿ 800 ಟನ್ನನ್ನು ಒಂದು ನಿಮಿಷದ ಆಸುಪಾಸಿನಲ್ಲಿ ತಿರುಗಿಸಿಬಿಡುತ್ತದೆ. ಪವಾಡವೇನಲ್ಲ. ಎರಡು ತೋಳುಗಳ ತೂಕ ಸರಿಸಮ. ಭಾರವನ್ನು ಮೇಲೆತ್ತುವ ಕೆಲಸವೇ ಇಲ್ಲ. ಉರುಳೆಗಳ ಘರ್ಷಣೆ ಮತ್ತು ಗಾಳಿಯನ್ನು ಗೆದ್ದರೆ ಸಾಕು. ಜೋರು ಗಾಳಿಯ ದಿನ ಸೇತುವೆಯನ್ನು ತಿರುಗಿಸುವುದಿಲ್ಲ.

ಇಲ್ಲೊಂದು ಅಡ್ಡಮಾತು. ಪಿರ್ಮಾಂಟ್ ಸೇತುವೆ ತೆರೆದ ಎರಡೇ ದಿನಕ್ಕೆ, 1902ರ ಜೂನ್ 30ರಂದು, ನಮ್ಮ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ತಲುಪಿತು. ಅಲ್ಲಿನ ವಿದ್ಯುತ್ ಯಂತ್ರಗಳೂ ಜನರಲ್ ಎಲೆಕ್ಟ್ರಿಕ್‌ನವೇ. ಸಿಡ್ನಿಯಲ್ಲಿ ಆ ಕರೆಂಟು ನಡೆದದ್ದು ನೆರೆಯ ಬಡಾವಣೆಯಿಂದ, ಇಲ್ಲಿ ಸುಮಾರು 147 ಕಿಲೋಮೀಟರ್. ದೂರದ ಲೆಕ್ಕದಲ್ಲಿ ಮೈಸೂರು ಸಂಸ್ಥಾನದ ಸಾಹಸವೇ ದೊಡ್ಡದು ಎಂದು ಹೇಳಿ ಮುಂದೆ ಹೋಗುತ್ತೇನೆ.

ಎಂಬತ್ತು ವರ್ಷ ಸೇತುವೆ ತನ್ನ ಪಾಡಿಗೆ ದುಡಿಯಿತು. ಆ ಅವಧಿಯ ಕಥೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕುದುರೆಗಾಡಿ ಹೋಗಿ ಲಾರಿ ಬಂತು, ಲಾರಿಯ ಹಿಂದೆ ಕಾರು ಬಂತು. ಸರಕು ಕಂಟೇನರಿನೊಳಗೆ ಸೇರಿ, ಹಡಗುಗಳು ಬೃಹತ್ತಾಗಿ, ಬಂದರಿನ ವ್ಯವಹಾರ ಬಾಟನಿ ಬೇ ಕಡೆಗೆ ಜಾರಿತು. ಡಾರ್ಲಿಂಗ್ ಹಾರ್ಬರ್‌ನ ಉಗ್ರಾಣಗಳು ಖಾಲಿಬಿದ್ದವು, ರೈಲ್ವೆ ಅಂಗಳದಲ್ಲಿ ಹುಲ್ಲು ಬೆಳೆಯಿತು. ಪಕ್ಕದಲ್ಲೇ ಕಾಂಕ್ರೀಟಿನ ಎತ್ತರದ ಹೆದ್ದಾರಿ ಎದ್ದಿತು. 1981ರ ಆಗಸ್ಟ್‌ನಲ್ಲಿ ಪಿರ್ಮಾಂಟ್ ಸೇತುವೆಯ ಮೇಲೆ ವಾಹನ ಸಂಚಾರ ನಿಂತಿತು. ಹಡಗೂ ಇಲ್ಲ, ಗಾಡಿಯೂ ಇಲ್ಲ. ಕೆಡವುವುದು ಎಂದು ಸರ್ಕಾರ ತೀರ್ಮಾನಿಸಿತು.

ಹತ್ತು ವರ್ಷ ಮೊದಲಾಗಿದ್ದರೆ ಬಹುಶಃ ಕೆಡವಿಯೇ ಬಿಡುತ್ತಿದ್ದರು. ಆದರೆ ಅಷ್ಟರಲ್ಲಿ ಸಿಡ್ನಿ ಒಂದು ಪಾಠ ಕಲಿತಿತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ಜ್ಯಾಕ್ ಮಂಡಿ ನೇತೃತ್ವದ ಕಟ್ಟಡ ಕಾರ್ಮಿಕರ ಸಂಘ, ಹಳೆಯ ಬಡಾವಣೆಗಳನ್ನೂ ಹಸಿರು ಜಾಗಗಳನ್ನೂ ನೆಲಸಮ ಮಾಡುವ ಕೆಲಸಕ್ಕೆ ನಾವು ಕೈಹಾಕುವುದಿಲ್ಲ ಎಂದು ಪಟ್ಟುಹಿಡಿದಿತ್ತು. ‘ಗ್ರೀನ್ ಬ್ಯಾನ್’ ಎಂದು ಹೆಸರಾದ ಆ ಹೋರಾಟದಿಂದಲೇ ಇಂದು ಪ್ರವಾಸಿಗರು ಓಡಾಡುವ ರಾಕ್ಸ್ ಪ್ರದೇಶ ಉಳಿದದ್ದು. 1977ರಲ್ಲಿ ರಾಜ್ಯಕ್ಕೆ ಪಾರಂಪರಿಕ ಸಂರಕ್ಷಣೆಯ ಕಾಯ್ದೆಯೂ ಬಂತು. ಹಾಗಾಗಿ ಸೇತುವೆ ಕೆಡವುವ ಸುದ್ದಿಗೆ ಊರು ಸುಮ್ಮನಿರಲಿಲ್ಲ. ಒಂದು ಅರಮನೆಗೋ ಚರ್ಚಿಗೋ ದನಿ ಎತ್ತುವವರು ಎಲ್ಲೆಡೆ ಸಿಗುತ್ತಾರೆ. ಮಸಿ ಹಿಡಿದ ಒಂದು ಬಂದರು ಸೇತುವೆಗಾಗಿ ಜನ ಮಾತಾಡಿದ್ದು ಮೆಚ್ಚತಕ್ಕದ್ದು.

ಕೊನೆಗೆ ದಾರಿ ತೆರೆದದ್ದು ರಾಜಕೀಯದ ಹಬ್ಬದಿಂದ. 1988ಕ್ಕೆ ಆಸ್ಟ್ರೇಲಿಯಾದಲ್ಲಿ ಬಿಳಿಯರ ವಸಾಹತು ನೆಲೆಗೊಂಡು 200 ವರ್ಷ. ಅದರ ಆಚರಣೆಗೆ ಡಾರ್ಲಿಂಗ್ ಹಾರ್ಬರನ್ನು ವಿಹಾರದ ತಾಣವಾಗಿ ಪುನರ್ನಿರ್ಮಿಸುವುದಾಗಿ 1984ರಲ್ಲಿ ಪ್ರೀಮಿಯರ್ ನೆವಿಲ್ ರಾನ್ ಸರ್ಕಾರ ಘೋಷಿಸಿತು. ಯೋಜನೆಗೆ ಎರಡು ದಡಗಳ ನಡುವೆ ನಡೆದಾಡುವ ದಾರಿ ಬೇಕಿತ್ತು. ದಾರಿಯೇನೋ ಆಗಲೇ ಇತ್ತು. ದುರಸ್ತಿಗೊಂಡ ಸೇತುವೆ ಪಾದಚಾರಿಗಳಿಗೆ ತೆರೆದದ್ದು 1988ರಲ್ಲಿ. ಅದಕ್ಕೆ ಕರೆಂಟು ಕೊಟ್ಟಿದ್ದ ಅಲ್ಟಿಮೋ ಸ್ಥಾವರ ಪವರ್‌ಹೌಸ್ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆದದ್ದೂ ಅದೇ ವರ್ಷ.

ಉಳಿಸಿದ ಕೈಗಳೇ ಒಂದು ಕಿರುಕುಳವನ್ನೂ ಕೊಟ್ಟವು. ಅದೇ 1988ರಲ್ಲಿ ಶುರುವಾದ ಮಾನೊರೈಲನ್ನು ಸೇತುವೆಯ ಮೇಲಿಂದಲೇ ಹಾಯಿಸಿದರು. ತಲೆಯ ಮೇಲೆ ಒಂದು ಉಕ್ಕಿನ ತೊಲೆ, ಅದಕ್ಕೆ ಆಧಾರಗಂಬಗಳು. ನಗರಕ್ಕೆ ಹೆಚ್ಚೇನೂ ಉಪಯೋಗಕ್ಕೆ ಬಾರದ ಆ ರೈಲು 2013ರ ಜೂನ್ 30ರಂದು ಕೊನೆಯ ಸುತ್ತು ಹಾಕಿ ನಿಂತಿತು, ತೊಲೆಗಳನ್ನು ಬಿಚ್ಚಿದರು. 111 ವರ್ಷದ ಸೇತುವೆ ತನ್ನ ಮೇಲೆ ಹೇರಿದ್ದ 25 ವರ್ಷದ ಆಧುನಿಕತೆಯ ಹೊರೆ ಇಳಿಸಿಕೊಂಡಿತು. ಒಂದನ್ನು ಮಾತ್ರ ಒಪ್ಪಬೇಕು. ಮಾನೊರೈಲಿನ ಕಂಬಗಳನ್ನು ನಿಲ್ಲಿಸಿದ್ದರಿಂದ ಸೇತುವೆಯ ಮೂಲ ರಚನೆಗೆ ತಿದ್ದಲಾಗದ ಗಾಯವಾಗಲಿಲ್ಲ. ಹಳೆಯದಕ್ಕೆ ಹೊಸದನ್ನು ಅಂಟಿಸಲೇಬೇಕಾದರೆ ಬಿಚ್ಚಲು ಬರುವಂತೆ ಅಂಟಿಸಬೇಕು ಎಂಬುದು ಸಂರಕ್ಷಣೆಯ ಹಳೆಯ ನಿಯಮ.

1992ರಲ್ಲಿ ಸೇತುವೆಗೆ ಎಂಜಿನಿಯರುಗಳ ಸಂಸ್ಥೆಯಿಂದ ಚಾರಿತ್ರಿಕ ಹೆಗ್ಗುರುತಿನ ಮನ್ನಣೆ ಬಂತು. 2002ರ ಜೂನ್ 28ರಂದು, ನೂರು ತುಂಬಿದ ದಿನವೇ, ರಾಜ್ಯದ ಪಾರಂಪರಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವುದು ಸುಲಭ. ಆಮೇಲಿನ ಕೆಲಸ ಕಷ್ಟ.

ನೀರಿನ ಕೆಳಗೆ ಒಬ್ಬ ಹಳೆಯ ವೈರಿ ಇದ್ದಾನೆ. ಹಡಗುಹುಳು ಎಂದು ನಾವಿಕರು ಹೆದರುವ ಟೆರೆಡೊ. ಹೆಸರಿಗೆ ಹುಳು, ನಿಜಕ್ಕೆ ಮೃದ್ವಂಗಿ ಜಾತಿಯದು. ಎಳೆಯದಿದ್ದಾಗ ಮರದ ಮೇಲೆ ಸೂಜಿಮೊನೆಯಷ್ಟು ತೂತು ಕೊರೆದು ಒಳಹೊಕ್ಕು, ಒಳಗೊಳಗೇ ಬೆಳೆಯುತ್ತ ಸುರಂಗ ತೋಡುತ್ತದೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಮರದ ಕಂಬ ಒಳಗೆ ಪೊಳ್ಳಾಗಿರುತ್ತದೆ. ಸಿಡ್ನಿಯ ಉಪ್ಪುನೀರಿನಲ್ಲಿ ಮರದ ಕಂಬ ನೆಟ್ಟವರೆಲ್ಲ ಇದರೊಂದಿಗೆ ಗುದ್ದಾಡಿದವರೇ. ಈ ಹುಳುವಿಗೆ ಅಷ್ಟು ಬೇಗ ಬಗ್ಗದ ಟರ್ಪೆಂಟೈನ್ ಎಂಬ ಮರಕ್ಕೆ ಅಲ್ಲಿ ಬೇಡಿಕೆ ಬಂದದ್ದು ಅದಕ್ಕಾಗಿಯೇ. ಮುಳುಗುಗಾರರು ನೀರಿಗಿಳಿದು ಕಂಬ ಕಂಬವನ್ನು ಮುಟ್ಟಿ ನೋಡುವುದು, ಕೆಟ್ಟದ್ದಕ್ಕೆ ಕವಚ ತೊಡಿಸುವುದು ಇಲ್ಲವೇ ಬದಲಿಸುವುದು ಇಂಥ ಸೇತುವೆಗಳ ಮಟ್ಟಿಗೆ ಮುಗಿಯದ ಕೆಲಸ. ಮೇಲಿನ ತೊಲೆ ಹಲಗೆಗಳದ್ದೂ ಅದೇ ಪಾಡು.

ಹಾಗಾದರೆ ಇಷ್ಟು ಮರ ಬದಲಾದ ಮೇಲೆ ಇದು 1902ರ ಸೇತುವೆ ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಜಾಣತನದ್ದು, ಆದರೆ ಆಲನ್ ಅವರ ನಕ್ಷೆಯ ಮುಂದೆ ನಿಲ್ಲುವುದಿಲ್ಲ. ತೊಲೆ ಬದಲಾಗಲೆಂದೇ ವಿನ್ಯಾಸ ಮಾಡಿದ ಟ್ರಸ್‌ನಲ್ಲಿ ತೊಲೆ ಬದಲಿಸುವುದು ವಿನ್ಯಾಸವನ್ನು ಪಾಲಿಸಿದಂತೆ. ಅಲ್ಲಿ ಕಾಪಾಡಬೇಕಾದ್ದು ಜೋಡಣೆಯ ಕ್ರಮವನ್ನು. ಉಕ್ಕಿನ ತಿರುಗು ಅಂಕಣದ ವಿಷಯ ಬೇರೆ. ಅಲ್ಲಿ ಮೋಟಾರು, ಹಲ್ಲುಚಕ್ರ, ಉರುಳೆ, ಟ್ರಾಮ್ ಕಂಟ್ರೋಲರ್ ಮೂಲದವೇ ಆಗಿರುವುದಕ್ಕೆ ಬೆಲೆ. ಒಂದೇ ಸೇತುವೆಯಲ್ಲಿ ಎರಡು ಬಗೆಯ ಸಂರಕ್ಷಣೆ ಅಕ್ಕಪಕ್ಕ ನಡೆಯುತ್ತಿದೆ ಎನ್ನುವುದೇ ನನಗೆ ಸೋಜಿಗ.

ಇನ್ನು ಯಂತ್ರವನ್ನು ಕಾಪಾಡುವ ದಾರಿಯೆಂದರೆ ಅದನ್ನು ಓಡಿಸುವುದೇ. ಗ್ರೀಸ್ ಹಚ್ಚಿ ಗಾಜಿನೊಳಗಿಟ್ಟ ಮೋಟಾರಿಗಿಂತ ವಾರ ವಾರ ತಿರುಗುವ ಮೋಟಾರಿನ ಆಯುಸ್ಸು ಹೆಚ್ಚು. ನಿಂತರೆ ಉರುಳೆ ತುಕ್ಕು ಹಿಡಿಯುತ್ತದೆ, ಬೇರಿಂಗು ಬಿಗಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಓಡಿಸುವ ಕೈಗೆ ಅಭ್ಯಾಸ ತಪ್ಪುತ್ತದೆ. ಹಿಡಿಕೆಯನ್ನು ಎಷ್ಟು ಎಳೆದರೆ ಅಂಕಣ ಅಲುಗದೆ ಹೊರಡುತ್ತದೆ, ಯಾವಾಗ ಕರೆಂಟು ತೆಗೆದರೆ ತನ್ನ ವೇಗಕ್ಕೇ ಸಾಗಿ ನೇರಕ್ಕೆ ಬಂದು ನಿಲ್ಲುತ್ತದೆ ಎನ್ನುವುದು ಪುಸ್ತಕದಲ್ಲಿ ಬರೆದಿಡಲಾಗದ ವಿದ್ಯೆ. ಎತ್ತರದ ಹಾಯಿಕಂಬದ ದೋಣಿ ಬಂದಾಗಷ್ಟೇ ಅಲ್ಲದೆ ವಾರಾಂತ್ಯಗಳಲ್ಲಿ ಪ್ರದರ್ಶನಕ್ಕೆಂದು ಸೇತುವೆಯನ್ನು ತಿರುಗಿಸುವ ರೂಢಿ ಬೆಳೆದದ್ದು ಪ್ರವಾಸಿಗರ ಖುಷಿಗೆ ಎಂದು ಕಾಣುತ್ತದೆ. ಅದರ ನಿಜವಾದ ಲಾಭ ಸೇತುವೆಗೇ.

ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಪಿರ್ಮಾಂಟ್ ಪರ್ಯಾಯದ್ವೀಪದ ಇನ್ನೊಂದು ಬದಿಯಲ್ಲಿ ಗ್ಲೀಬ್ ಐಲ್ಯಾಂಡ್ ಬ್ರಿಜ್ ಇದೆ. ಅದೂ ಪರ್ಸಿ ಆಲನ್ ಅವರದೇ, ಅದೂ ವಿದ್ಯುತ್ತಿನಿಂದ ತಿರುಗುತ್ತಿದ್ದದ್ದೇ. ತೆರೆದದ್ದು 1903ರಲ್ಲಿ. ಅಕ್ಕನಿಗೆ ಸಂಚಾರ ನಿಂತ ಮೇಲೂ ತಂಗಿ ಹದಿನಾಲ್ಕು ವರ್ಷ ಹೆಚ್ಚು ದುಡಿಯಿತು. 1995ರ ಡಿಸೆಂಬರ್‌ನಲ್ಲಿ ಪಕ್ಕದಲ್ಲೇ ಕೇಬಲ್ಲುಗಳ ಆನ್ಜಾಕ್ ಬ್ರಿಜ್ ತೆರೆಯಿತು. ಅಂದಿನಿಂದ ಗ್ಲೀಬ್ ಐಲ್ಯಾಂಡ್ ಸೇತುವೆಯ ತಿರುಗು ಅಂಕಣ ದೋಣಿಗಳಿಗೆ ದಾರಿ ಬಿಟ್ಟುಕೊಂಡು ತೆರೆದ ಭಂಗಿಯಲ್ಲೇ ನಿಂತಿದೆ. ದಡದ ಎರಡು ತುಂಡುಗಳಿಗೆ ಜನ ಹೋಗುವಂತಿಲ್ಲ. ಮರ ಕೊಳೆಯುತ್ತಿದೆ, ಉಕ್ಕು ತುಕ್ಕು ಹಿಡಿದಿದೆ. 2013ರಲ್ಲಿ ಅದನ್ನು ಕೆಡವುವ ಪ್ರಸ್ತಾಪ ಬಂದು, ವಿರೋಧವೂ ಎದ್ದು, ಅದೇ ವರ್ಷ ಅದು ಪಾರಂಪರಿಕ ಪಟ್ಟಿ ಸೇರಿತು. ಕೆಡವುವುದು ತಪ್ಪಿತು. ರಿಪೇರಿಯೂ ತಪ್ಪಿತು.

ವಿನ್ಯಾಸಗಾರ ಒಬ್ಬರೇ, ತಂತ್ರ ಒಂದೇ, ಕಾಯ್ದೆಯ ರಕ್ಷಣೆ ಎರಡಕ್ಕೂ ಇದೆ. ವ್ಯತ್ಯಾಸ ಇಷ್ಟೇ, ಒಂದನ್ನು ಜನ ದಾಟುತ್ತಾರೆ, ಇನ್ನೊಂದನ್ನು ದಾಟುವುದಿಲ್ಲ. ದಾಟುವ ಸೇತುವೆಯ ಹಲಗೆ ಅಲುಗಾಡಿದರೆ ಮರುದಿನವೇ ದೂರು ಬರುತ್ತದೆ, ದೂರು ಬಂದರೆ ದುಡ್ಡು ಬಿಡುಗಡೆಯಾಗುತ್ತದೆ. ಈಗ ಗ್ಲೀಬ್ ಐಲ್ಯಾಂಡ್‌ನ ಆಚೆ ಬದಿಯ ಹಳೆಯ ಬಂದರು ಪ್ರದೇಶದಲ್ಲಿ ಮೆಟ್ರೊ ನಿಲ್ದಾಣದ ಕೆಲಸ ನಡೆದಿದೆ. ಅಲ್ಲಿ ವಸತಿ, ಕಚೇರಿ ಬಂದ ಮೇಲೆ ಪಿರ್ಮಾಂಟ್‌ಗೆ ನಡೆದು, ಸೈಕಲ್ ತುಳಿದು ಬರಲು ಒಂದು ದಾರಿ ಬೇಕಾಗುತ್ತದೆ. ಹಳೆಯ ಸೇತುವೆಯನ್ನೇ ಅದಕ್ಕೆ ಮತ್ತೆ ಬಳಕೆಗೆ ತರುವ ಆಲೋಚನೆ ಆ ಪ್ರದೇಶದ ಯೋಜನೆಯಲ್ಲಿ ಸೇರಿದೆ. ಅದಕ್ಕೆ ಮೊದಲು ತಿರುಗು ಅಂಕಣ ಮತ್ತೆ ತಿರುಗಬೇಕು. ದೋಣಿ ನಡೆಸುವವರಿಗೂ ಕೊಲ್ಲಿಯ ಬಾಯಿ ತೆರೆದಿರಬೇಕು. ಹಡಗಿಗೆ ದಾರಿಯೋ ಗಾಡಿಗೆ ದಾರಿಯೋ ಎಂಬ 1858ರ ಜಗಳ, ಈ ಸಲ ವಿಹಾರ ದೋಣಿ ಮತ್ತು ಸೈಕಲ್ಲುಗಳ ನಡುವೆ, ಇನ್ನೊಂದು ಸುತ್ತಿಗೆ ಸಿದ್ಧವಾಗುತ್ತಿದೆ.